ಎರಡು ರಾಜಧಾನಿಗಳ ನಡುವಿನ ಹಳಿ

ಲಂಡನ್‌ನಿಂದ ಪ್ಯಾರಿಸ್‌ಗೆ ನೇರ ರೈಲು ಎಂದರೆ ಕೇಳಿದವರಿಗೆ ಬೆರಗು. ಆದರೆ ಬನಶಂಕರಿಯ ಆಚೆ, ನಾಯಂಡಹಳ್ಳಿಯಲ್ಲಿ ಹಾದುಹೋಗುವ ಹಳಿ ಕೂಡ ಎರಡು ರಾಜಧಾನಿಗಳನ್ನು ಜೋಡಿಸಲೆಂದೇ ಬಿದ್ದದ್ದು. ಅರಸರ ಊರು ಮೈಸೂರು. 1831ರಿಂದ ಆಡಳಿತದ ಕಚೇರಿಗಳಿದ್ದದ್ದು ಬೆಂಗಳೂರಿನಲ್ಲಿ.

ಈ ಮಾರ್ಗ ಹುಟ್ಟಿದ್ದು ಅರಮನೆಯ ವೈಭವಕ್ಕಲ್ಲ, ಹಸಿವಿನಿಂದ. ಮದ್ರಾಸಿನ ಕಡೆಯ ರೈಲು 1864ರಲ್ಲೇ ಬೆಂಗಳೂರು ದಂಡಿಗೆ ಬಂದಿತ್ತು. 1876-78ರ ಬರದಲ್ಲಿ ಧಾನ್ಯವೂ ಅಲ್ಲಿಯವರೆಗೆ ಬಂತು. ಮುಂದೆ? ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬರಪರಿಹಾರದ ಕೂಲಿಗೆ ಬಂದವರು ಮಣ್ಣು ಹೊತ್ತು ಮೈಸೂರು ದಾರಿ ಹಾಕಿದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಹಳಿ ಮೈಸೂರು ಮುಟ್ಟಿತು.

ಖರ್ಚು ಕಡಿಮೆ ಎಂದು ಹಾಕಿದ್ದು ಮೀಟರ್‌ಗೇಜ್. ಮದ್ರಾಸಿನದೋ ಬ್ರಾಡ್‌ಗೇಜ್. ಹೀಗಾಗಿ ಮದ್ರಾಸಿನಿಂದ ಮೈಸೂರಿಗೆ ಹೊರಟವರು ಶತಮಾನಕ್ಕೂ ಹೆಚ್ಚು ಕಾಲ ಬೆಂಗಳೂರಿನಲ್ಲಿ ಪೆಟ್ಟಿಗೆ, ಹಾಸಿಗೆ ಸುರುಳಿ ಹೊತ್ತು ಗಾಡಿ ಬದಲಿಸಬೇಕಾಯಿತು. ಲಂಡನ್-ಪ್ಯಾರಿಸ್ ನಡುವೆ 1994ರಲ್ಲಿ ಸುರಂಗ ತೆರೆಯುವವರೆಗೆ ಸಮುದ್ರ ಅಡ್ಡವಿತ್ತು. ಇಲ್ಲಿ ಗೇಜೇ ಸಮುದ್ರ!

ಮೈಸೂರು ದಾರಿ ಅಗಲವಾದದ್ದು 1990ರ ದಶಕದಲ್ಲಿ. ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆ ಅಡ್ಡ ಬಂದಾಗ, 2017ರಲ್ಲಿ, ಒಡೆಯದೆ ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಲಾಯಿತು. 2022ರ ನವೆಂಬರಿನಲ್ಲಿ ಚೆನ್ನೈ-ಮೈಸೂರು ವಂದೇ ಭಾರತ್ ಆರಂಭವಾಯಿತು. ಅದರಲ್ಲಿ ಹೋಗುವವರು ಬೆಂಗಳೂರಿನಲ್ಲಿ ಸೀಟು ಬಿಟ್ಟು ಏಳಬೇಕಾಗಿಲ್ಲ.