ರೀವದ ಕಣ್ಣು, ಹೊಸ ಕ್ಯಾಮೆರಾ

ಹಕ್ಕಿಗಳ ಫೋಟೊ ತೆಗೆಯುವವರು ಇಬ್ಬರು ಸೇರಿದರೆ ಈಗ ಒಂದೇ ಮಾತು. ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಟ್ಟುಕೊಂಡಿರಬೇಕೇ, ಮಿರರ್‌ಲೆಸ್‌ಗೆ ಬದಲಾಗಬೇಕೇ? ಅದಕ್ಕೊಂದು ಉತ್ತರ ಹೇಳಿ ಎಂದು ರೇಡಿಯೊ ನಿಲಯದವರು ಹದಿನೈದು ನಿಮಿಷ ಕೊಟ್ಟಿದ್ದಾರೆ. ನನ್ನ ಬಳಿ ಇರುವುದು 2016ರಲ್ಲಿ ಬಂದ ನಿಕಾನ್ ಡಿ500, ಅದರ ಮುಂದೆ 200-500 ಲೆನ್ಸ್. ಕೊಳ್ಳಲೋ ಬೇಡವೋ ಎಂದು ನಾನು ತೂಗುತ್ತಿರುವುದು ಅದೇ ಕಂಪನಿಯ ಝಡ್8, 2023ರದ್ದು. ಬಂದಾಗ ಬೆಲೆ ಮೂರು ಲಕ್ಷ ರೂಪಾಯಿ ದಾಟಿದ್ದ ವಸ್ತು, ಆದ್ದರಿಂದ ಅವಸರವಿಲ್ಲದೆ ತೂಗಬೇಕು.

ಮೂಲದ ಸಂಗತಿ ನಿಮಗೆಲ್ಲ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಹಳೆಯ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿನಿಂದ ಒಳಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ತಾಗಿ, ಮೇಲಿನ ಪೆಂಟಾಪ್ರಿಸಂ ಹಾದು, ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದರೆ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಆ ಕಟಕ್ ಸದ್ದು ಅದರದ್ದೇ. ಮಿರರ್‌ಲೆಸ್‌ನಲ್ಲಿ ಕನ್ನಡಿಯೂ ಇಲ್ಲ, ಪ್ರಿಸಂ ಕೂಡ ಇಲ್ಲ. ಸೆನ್ಸರ್ ಕಂಡದ್ದು ವ್ಯೂಫೈಂಡರಿನ ಪುಟ್ಟ ಪರದೆಯ ಮೇಲೆ ಮೂಡುತ್ತದೆ, ನಾವು ಆ ಪರದೆಯನ್ನು ನೋಡುತ್ತೇವೆ. 2008ರಲ್ಲಿ ಪ್ಯಾನಾಸಾನಿಕ್ ಜಿ1 ಬಂತು, 2013ರಲ್ಲಿ ಸೋನಿ ಎ7 ಬಂತು, 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಇಳಿದವು. 2020ರ ಈಚೆಗೆ ಈ ಎರಡೂ ಮನೆಗಳಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಹೊಳೆ ಯಾವ ಕಡೆ ಹರಿಯುತ್ತಿದೆ ಎಂಬುದರಲ್ಲಿ ಅನುಮಾನ ಬೇಡ.

ಆದರೆ ಮಾರುವವರು ಹೇಳುವುದನ್ನೆಲ್ಲ ಹಾಗೇ ನಂಬಬೇಡಿ. ಮಿರರ್‌ಲೆಸ್ ಎಂದರೆ ಹಗುರ ಅನ್ನುತ್ತಾರೆ. ಬ್ಯಾಟರಿ ಸೇರಿ ನನ್ನ ಡಿ500 ತೂಗುವುದು 860 ಗ್ರಾಂ. ಝಡ್8 ಸುಮಾರು 910 ಗ್ರಾಂ. ಎಲ್ಲಿ ಬಂತು ಹಗುರ? ಇನ್ನು ಮೆಗಾಪಿಕ್ಸೆಲ್. ಝಡ್8ರದ್ದು 45.7, ನನ್ನದು 20.9. ಕೇಳಲು ದೊಡ್ಡ ಅಂತರ. ಆದರೆ ಡಿ500ರದ್ದು ಕ್ರಾಪ್ ಸೆನ್ಸರ್, ಝಡ್8ರ ಫುಲ್ ಫ್ರೇಮಿಗಿಂತ ಚಿಕ್ಕದು. ದೂರದ ಹಕ್ಕಿಗೆ ಅದರಷ್ಟೇ ಚೌಕಟ್ಟು ಬೇಕೆಂದು ಝಡ್8ರಲ್ಲಿ ಕತ್ತರಿಸಿದರೆ ಉಳಿಯುವುದು ಹತ್ತೊಂಬತ್ತು ಚಿಲ್ಲರೆ. ನಮ್ಮ ಹಕ್ಕಿಗಳು ಯಾವಾಗಲೂ ದೂರವೇ ಇರುತ್ತವೆ. ಹೀಗಾಗಿ ಈ ಎರಡು ಕಾರಣಕ್ಕೆ ದುಡ್ಡು ಬಿಚ್ಚಬೇಕಾಗಿಲ್ಲ. ಬಿಚ್ಚುವುದಾದರೆ ಯಾತಕ್ಕೆ ಎಂಬುದನ್ನು ನನಗೆ ಕಲಿಸಿದ್ದು ಒಂದು ಹಕ್ಕಿ, ನದಿ ರೀವ. ನಾನು ಅದನ್ನು ನೋಡುವುದು ರಂಗನತಿಟ್ಟಿನಲ್ಲಿ.

ಶ್ರೀರಂಗಪಟ್ಟಣದ ಪಕ್ಕದಲ್ಲೇ ಕಾವೇರಿಯ ನಡುವಿನ ಆ ತಿಟ್ಟುಗಳು ನಿಮಗೆ ಗೊತ್ತು. ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿ 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿಸಿದರು. ಹೋದವರೆಲ್ಲ ಬಣ್ಣದ ಕೊಕ್ಕರೆ ನೋಡುತ್ತಾರೆ, ಚಮಚದ ಕೊಕ್ಕು ನೋಡುತ್ತಾರೆ, ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಕೈ ತೋರಿಸುತ್ತಾರೆ. ನೀರಿನಿಂದ ಒಂದೆರಡು ಅಡಿ ಮೇಲೆದ್ದ ಬೋಳು ಬಂಡೆಯ ಮೇಲೆ ರೀವ ಕೂತಿರುತ್ತದೆ. ಬೂದು ಬೆನ್ನು, ಕವಲೊಡೆದ ಬಾಲ, ಹಳದಿ ಕೊಕ್ಕು, ಕೆಂಪು ಕಾಲು, ತಲೆಯ ಮೇಲೆ ಎಳೆದುಕೊಂಡ ಕರಿಯ ಟೋಪಿ. ಗೂಡು ಎಂಬುದೇ ಅದಕ್ಕಿಲ್ಲ, ಬಂಡೆಯ ಮೇಲಿನ ಮರಳಲ್ಲೋ ತಗ್ಗಲ್ಲೋ ಮೊಟ್ಟೆ ಇಡುತ್ತದೆ. ಏಪ್ರಿಲ್ ಬಿಸಿಲಿಗೆ ಬಂಡೆ ಕಾಯುತ್ತದಲ್ಲ, ಆಗ ತಾಯಿತಂದೆ ನೀರಿಗೆ ಇಳಿದು ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ಮೇಲಿನಿಂದ ಇದ್ದಕ್ಕಿದ್ದಂತೆ ನೀರು ಬಂದರೆ ಮೊಟ್ಟೆ, ಮರಿ ಎಲ್ಲ ಹೊಳೆಪಾಲು. ಆದರೂ ಮರುವರ್ಷ ಅದೇ ಬಂಡೆಗೆ ಬರುತ್ತವೆ. ನನ್ನ ಮಟ್ಟಿಗೆ ಕರ್ನಾಟಕದ ಹೊಳೆಗಳಲ್ಲಿ ಇದಕ್ಕಿಂತ ದೊಡ್ಡ ಕಲಾವಿದ ಇಲ್ಲ.

ಯಾಕೆ ಅಂತೀರೋ? ಫೆಬ್ರವರಿ, ಮಾರ್ಚ್ ಹೊತ್ತಿಗೆ ಗಂಡು ಹಕ್ಕಿ ಮೀನು ಹಿಡಿದು ತರುತ್ತದೆ, ತಾನು ತಿನ್ನುವುದಕ್ಕಲ್ಲ. ಕೊಕ್ಕಿಗೆ ಅಡ್ಡಲಾಗಿ ಮೀನು ಕಚ್ಚಿಕೊಂಡು ಕೂಗುತ್ತ ಬಂಡೆಯ ಸುತ್ತ ಹಾರಿ, ಹೆಣ್ಣಿನ ಪಕ್ಕ ಇಳಿಯುತ್ತದೆ. ಹೆಣ್ಣು ಮೈ ತಗ್ಗಿಸಿ ಮರಿಯ ಹಾಗೆ ಬೇಡುತ್ತದೆ. ಗಂಡು ಕೂಡಲೇ ಕೊಡುವುದಿಲ್ಲ. ಕತ್ತು ಎತ್ತಿ ಒಂದು ಸುತ್ತು ನಡೆಯುತ್ತದೆ, ಇನ್ನೊಂದು ಸುತ್ತು ನಡೆಯುತ್ತದೆ. ಕೊಡುವ ಕ್ಷಣ ಬಂದಾಗ ಎರಡು ಕೊಕ್ಕುಗಳ ನಡುವೆ ಮೀನು ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ.

ಒಂದು ಬೆಳಿಗ್ಗೆ ನಾನು ದೋಣಿಯ ಮೂತಿಯಲ್ಲಿ ಕೂತಿದ್ದೆ. ಹುಟ್ಟು ಹಾಕುತ್ತಿದ್ದವರು ವಯಸ್ಸಾದವರು, ಆ ಹೊಳೆಯಲ್ಲೇ ಕೂದಲು ಹಣ್ಣಾದವರು. ನಾನು ಕೇಳುವ ಮೊದಲೇ, "ವಸಿ ತಡೀರಿ ಸಾರ್, ಸೂರ್ಯ ನಿಮ್ ಬೆನ್ನಿಗಾಗೋ ಹಂಗೆ ತಿರುಗುಸ್ತೀನಿ" ಅಂದರು. ದೋಣಿಯನ್ನು ಬಂಡೆಯ ಕೆಳಗಿನ ಸುಳಿಗೆ ಬಿಟ್ಟು, ಹುಟ್ಟನ್ನು ನೀರಲ್ಲಿ ಅದ್ದಿ ಹಿಡಿದು ನಿಲ್ಲಿಸಿದರು, ಅಲುಗಾಟವೇ ಇಲ್ಲ. ಗಂಡು ಬಂತು. ನಡೆಯಿತು. ನಾನು ಗುಂಡಿ ಒತ್ತಿ ಹಿಡಿದೆ, ಕ್ಯಾಮೆರಾ ಕಟಕಟಕಟ ಅಂದಿತು. ಬೆನ್ನ ಹಿಂದಿನಿಂದ ಆ ಯಜಮಾನರ ದನಿ: "ಕೊಟ್ಬುಡ್ತು! ಕಂಡ್ರಾ ಸಾರ್?"

ನಾನು ಕಂಡಿರಲಿಲ್ಲ. ಚಿತ್ರ ಬಂದಿತ್ತು, ಚೆನ್ನಾಗಿಯೇ ಬಂದಿತ್ತು: ಎರಡು ಹಳದಿ ಕೊಕ್ಕು, ನಡುವೆ ಬೆಳ್ಳಗೆ ಮೀನು, ಅದರ ಬಾಲದ ತುದಿಯಲ್ಲಿ ಜಾರುತ್ತಿದ್ದ ಒಂದು ಹನಿ. ಆದರೆ ಅದು ನಡೆದದ್ದನ್ನು ನೋಡಿದವರು ಹುಟ್ಟು ಹಿಡಿದಿದ್ದ ಯಜಮಾನರು. ನನಗೆ ಕಂಡದ್ದು ಅದಕ್ಕಿಂತ ಮೊದಲಿನದು ಮತ್ತು ಆಮೇಲಿನದು. ಇದು ಡಿಎಸ್‌ಎಲ್‌ಆರ್ ಕಟ್ಟಿದ ರೀತಿಯಲ್ಲೇ ಇದೆ. ಸೆನ್ಸರಿಗೆ ಬೆಳಕು ಬೇಕೆಂದರೆ ಕನ್ನಡಿ ಏಳಬೇಕು. ಕನ್ನಡಿ ಎದ್ದರೆ ಕಣ್ಣಿಗೆ ಕತ್ತಲೆ. ಯಾವ ಕ್ಷಣ ಚಿತ್ರವಾಗುತ್ತದೋ ಆ ಕ್ಷಣವನ್ನೇ ಛಾಯಾಗ್ರಾಹಕ ನೋಡಿರುವುದಿಲ್ಲ. ದಶಕಗಳ ಕಾಲ ಎಸ್‌ಎಲ್‌ಆರ್ ಹಿಡಿದವರೆಲ್ಲ ಈ ಕರಾರಿಗೆ ಒಪ್ಪಿಯೇ ಕೆಲಸ ಮಾಡಿದ್ದು.

ಅವರ ನೆನಪಾದ ಮೇಲೆ ಟಿ.ಎನ್.ಎ. ಪೆರುಮಾಳ್ ಅವರ ಹೆಸರು ಹೇಳದೆ ಮುಂದೆ ಹೋಗುವುದು ಸಾಧ್ಯವಿಲ್ಲ. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರಿಂದ ಕಲಿತು, ಮರೆಯ ಹಿಂದೆ ಕೂತು, ಫ್ಲ್ಯಾಶ್ ಹೂಡಿ, ಇಡೀ ಜಗತ್ತು ತಲೆದೂಗುವಂಥ ಚಿತ್ರ ತೆಗೆದವರು. 2017ರಲ್ಲಿ ತೀರಿಕೊಂಡರು. ಇವತ್ತು ಈ ನಾಡಿನಲ್ಲಿ ಕಾಡಿನ ಫೋಟೊ ತೆಗೆಯುವ ಅದೆಷ್ಟೋ ಜನ ಒಂದಲ್ಲ ಒಂದು ದಾರಿಯಿಂದ ಅವರ ಶಿಷ್ಯರೇ. ಸಂಡೂರಿನ ಎಂ.ವೈ. ಘೋರ್ಪಡೆಯವರು ಇನ್ನೊಬ್ಬರು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪು ಬಿಳುಪಿನಲ್ಲಿ ಆನೆಯ ಬೆನ್ನ ಮೇಲಿನ ಧೂಳನ್ನು ಬೆಳಕಾಗಿಸಿದವರು. ಅವರ ಕಾಲದ ಒಂದು ರೋಲ್‌ನಲ್ಲಿ 36 ಚಿತ್ರ. ಝಡ್8 ಸೆಕೆಂಡಿಗೆ 20 ತೆಗೆಯುತ್ತದೆ. ಎರಡು ಸೆಕೆಂಡು ತುಂಬುವ ಮೊದಲೇ ಅವರ ರೋಲ್ ಖಾಲಿ. ಹಾಗೆಂದು ಅವರು ಹೆಚ್ಚು, ನಾವು ಕಡಿಮೆ ಎಂದು ನಾನು ವಾದಿಸುವುದಿಲ್ಲ. ಪೆರುಮಾಳ್ ಅವರ ಕೈಗೆ ಒಳ್ಳೆಯ ಉಪಕರಣ ಸಿಕ್ಕಿದ್ದರೆ ಖಂಡಿತ ಬಳಸುತ್ತಿದ್ದರು. ಆ ಕಾಲಕ್ಕೆ ಸಿಕ್ಕ ಫ್ಲ್ಯಾಶ್ ಅನ್ನು ಪಳಗಿಸಿದವರೇ ಅವರಲ್ಲವೇ.

ರೀವಕ್ಕೆ ಬರೋಣ. ಅದರ ಕಣ್ಣಿನ ವಿಷಯ ಹೇಳಲೇಬೇಕು. ಹಕ್ಕಿಯ ಚಿತ್ರದಲ್ಲಿ ಕಣ್ಣು ಸ್ಪಷ್ಟವಾಗಿರಬೇಕು, ಅದು ಮೊದಲ ಪಾಠ. ರೀವದ ಕಣ್ಣು ಕಪ್ಪು, ಅದು ಇರುವುದು ಕಪ್ಪು ಟೋಪಿಯೊಳಗೆ. ಬೆಳಕು ಸರಿಯಾದ ಕೋನದಲ್ಲಿ ಬಿದ್ದು ಒಂದು ಮಿಣುಕು ಹುಟ್ಟದಿದ್ದರೆ ಹಕ್ಕಿಗೆ ಕಣ್ಣೇ ಇಲ್ಲವೇನೋ ಅನ್ನಿಸುತ್ತದೆ. ದೋಣಿ ತಿರುಗಿಸಿದ ಯಜಮಾನರಿಗೆ ಇದು ಗೊತ್ತಿತ್ತು. ಈಗಿನ ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಸೌಲಭ್ಯ ಇದೆ. ಝಡ್8ಕ್ಕೆ ಹಕ್ಕಿಗೆಂದೇ ಪ್ರತ್ಯೇಕ ಆಯ್ಕೆ ಆಮೇಲೆ ಸಾಫ್ಟ್‌ವೇರ್ ಮೂಲಕ ಬಂತು. ಗೆಳೆಯರೊಬ್ಬರ ಝಡ್8 ಇಸಿದುಕೊಂಡು ಅದೇ ಬಂಡೆಗಳ ಮುಂದೆ ನೋಡಿದೆ. ಬಣ್ಣದ ಕೊಕ್ಕರೆ ಎದುರಾದರೆ ಸಾಕು, ಫೋಕಸ್ ಚೌಕ ಹೋಗಿ ಕಣ್ಣಿನ ಮೇಲೆ ಕೂರುತ್ತದೆ, ಹಕ್ಕಿ ತಲೆ ತಿರುಗಿಸಿದರೂ ಬಿಡುವುದಿಲ್ಲ. ರೀವದ ಮುಂದೆ ಅದೇ ಚೌಕ ಕೆಲವೊಮ್ಮೆ ಕಣ್ಣಿಗೆ, ಕೆಲವೊಮ್ಮೆ ಇಡೀ ತಲೆಗೆ. ಮಿಣುಕು ಬಂದಾಗ ಮಾತ್ರ ಗಟ್ಟಿ ಹಿಡಿತ. ಯಂತ್ರವೂ ಬೆಳಕಿಗೇ ಕಾಯಬೇಕು. ಅದನ್ನು ನೋಡಿ ನನಗೆ ಅದರ ಮೇಲೆ ಗೌರವ ಹೆಚ್ಚಾಯಿತು.

ಇನ್ನೊಂದು ಲಾಭ, ಇದು ಬೆಳಕಿನದು. ಬಿಳಿ ಎದೆಯ ಹಕ್ಕಿ, ಹಿಂದೆ ಕಪ್ಪು ನೀರು. ಮೀಟರ್ ನೀರನ್ನು ನಂಬಿ ಎದೆಯನ್ನು ಸುಟ್ಟುಬಿಡುತ್ತದೆ, ಗರಿಯ ಗೆರೆ ಒಂದೂ ಉಳಿಯುವುದಿಲ್ಲ. ಡಿ500ರಲ್ಲಿ ಒಂದು ಚಿತ್ರ ತೆಗೆದು, ಕ್ಯಾಮೆರಾ ಇಳಿಸಿ, ಹಿಂದಿನ ಪರದೆ ನೋಡಿ ಸರಿಪಡಿಸಬೇಕು. ತಲೆ ತಗ್ಗಿಸಿದ ಆ ಹೊತ್ತಿನಲ್ಲೇ ಗಂಡು ಮೀನು ಕೊಟ್ಟಿರುತ್ತದೆ. ಹೊಸದರಲ್ಲಿ ಎದೆ ಸುಡುತ್ತಿದೆಯೋ ಇಲ್ಲವೋ ಎಂಬುದು ವ್ಯೂಫೈಂಡರಿನಲ್ಲೇ, ಒತ್ತುವ ಮೊದಲೇ ಕಾಣುತ್ತದೆ.

ಹಾಗಾದರೆ ಹಳೆಯದರಲ್ಲಿ ಏನೂ ಉಳಿದಿಲ್ಲವೇ? ಉಳಿದಿದೆ. ಸ್ವಿಚ್ ಆಫ್ ಇದ್ದರೂ ಡಿ500ರೊಳಗೆ ಹಕ್ಕಿ ಕಾಣುತ್ತದೆ. ಆ ಹಕ್ಕಿಯ ಮೈಯಿಂದ ಹೊರಟ ಬೆಳಕೇ ಗಾಜು, ಕನ್ನಡಿ ದಾಟಿ ನನ್ನ ಕಣ್ಣಿಗೆ ಬರುತ್ತದೆ. ಗಂಟೆಗಟ್ಟಲೆ ನೋಡುತ್ತ ಕೂರಬಹುದು, ಬ್ಯಾಟರಿ ಕರಗುವುದಿಲ್ಲ. ಕಂಪನಿಯ ಅಳತೆಯಲ್ಲೇ ಡಿ500 ಒಂದು ಚಾರ್ಜಿಗೆ 1,240 ಚಿತ್ರ, ಝಡ್8 ಸುಮಾರು 340. ನಾವು ಒಟ್ಟೊಟ್ಟಿಗೆ ಹತ್ತಾರು ಚಿತ್ರ ತೆಗೆಯುವುದರಿಂದ ಎರಡೂ ಇದಕ್ಕಿಂತ ಹೆಚ್ಚೇ ಬಾಳುತ್ತವೆ, ಆದರೆ ಅಂತರ ಅಂತರವೇ. ಮಿರರ್‌ಲೆಸ್ ಹಿಡಿದವರ ಚೀಲದಲ್ಲಿ ಇನ್ನೊಂದು ಬ್ಯಾಟರಿ ಇರಲೇಬೇಕು.

ಸ್ಟುಡಿಯೊ ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ: ಝಡ್8 ಕೊಳ್ಳುತ್ತೇನೆ. ಕಾರಣ ಒಂದೇ. ಅದರ ಸೆನ್ಸರ್ ಓದುವ ವೇಗ ಎಷ್ಟೆಂದರೆ ಚಿತ್ರ ತೆಗೆಯುವಾಗಲೂ ವ್ಯೂಫೈಂಡರ್ ಕತ್ತಲಾಗುವುದಿಲ್ಲ. ಮೀನು ಕೈಬದಲಾಗುವುದನ್ನು ನಾನೂ ನೋಡಬೇಕು. ಸದ್ದೂ ಇಲ್ಲ, ಬಂಡೆಯ ಮೇಲೆ ಮೊಟ್ಟೆಗೆ ಕೂತ ಹಕ್ಕಿಯ ಮುಂದೆ ಅದೂ ದೊಡ್ಡ ಮಾತು.

ಆದರೆ ಎಲ್ಲ ಮಿರರ್‌ಲೆಸ್ ಹೀಗಲ್ಲ, ಇದನ್ನು ದಯವಿಟ್ಟು ಗಮನಿಸಿ. ಸೆನ್ಸರ್ ನಿಧಾನವಿರುವ ಕ್ಯಾಮೆರಾದಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿ ಹಾರುವ ಹಕ್ಕಿ ತೆಗೆದರೆ ರೆಕ್ಕೆ ಸೊಟ್ಟಗೆ ಬರುತ್ತದೆ. ಅಂಥದಕ್ಕಾಗಿ ಡಿ500 ಬಿಟ್ಟುಕೊಡಬೇಡಿ. ಕೂತ ಹಕ್ಕಿ, ಹೂವು, ಮನೆಮಂದಿ, ದೇವಸ್ಥಾನ ತೆಗೆಯುವವರು ಇರುವ ಬಾಡಿಯನ್ನೇ ಇಟ್ಟುಕೊಂಡು ಒಳ್ಳೆಯ ಲೆನ್ಸಿಗೆ ದುಡ್ಡು ಹಾಕಿ. ಕೊಳ್ಳುವವರು ಮೊದಲು ಎರಡು ದಿನ ಬಾಡಿಗೆಗೆ ತನ್ನಿ, ಬೆಂಗಳೂರಿನಲ್ಲಿ ಸಿಗುತ್ತದೆ, ನಿಮ್ಮದೇ ಲೆನ್ಸ್ ಹಾಕಿ ನೋಡಿ. 200-500ಕ್ಕೆ ಎಫ್‌ಟಿಝಡ್ ಅಡಾಪ್ಟರ್ ಸಾಕು, ಆಟೊಫೋಕಸ್ ಪೂರ್ತಿ ಕೆಲಸ ಮಾಡುತ್ತದೆ; ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಮಾತ್ರ ಕೈಯಲ್ಲೇ ಫೋಕಸ್ ಮಾಡಬೇಕು. ಹಾಗಾಗಿ ಝಡ್ ಕ್ಯಾಮೆರಾಗಳಿಗೆಂದೇ ಇರುವ 180-600 ಲೆನ್ಸಿಗೆ ಈಗಲೇ ಆತುರ ಬೇಡ. ವೇಗದ ಕಾರ್ಡಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

ರೀವ ನೋಡುವವರು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಿ, ಬೆಳಗಿನ ಮೊದಲ ದೋಣಿ ಹಿಡಿಯಿರಿ, ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಮೊಟ್ಟೆ ಇರುವ ಬಂಡೆಯ ಹತ್ತಿರಕ್ಕೆ ಬಿಡಿ ಎಂದು ದೋಣಿಯವರನ್ನು ಒತ್ತಾಯಿಸಬೇಡಿ, ಎಷ್ಟು ದೂರ ನಿಲ್ಲಬೇಕೆಂದು ಅವರಿಗೆ ಗೊತ್ತು.