ಕಂದು ಗೋಡೆಯೂ ದೆಹಲಿಯ ಬಿಸಿಲೂ

ಮಯೂರ್ ವಿಹಾರ್‌ನಲ್ಲಿರುವ ನಮ್ಮ ಕೇಳುಗರದು ಮತ್ತೆ ಮತ್ತೆ ಒಂದೇ ಆತಂಕ. ಡಿಡಿಎ ಫ್ಲ್ಯಾಟಿನ ಹಾಲ್‌ಗೆ ಕಾಫಿ ಕಂದು, ಕೆಮ್ಮಣ್ಣು, ಇಂಥ ಗಾಢ ಬಣ್ಣ ಹೊಡೆಸುವಾಸೆ. ಆದರೆ ಮೇ ತಿಂಗಳಲ್ಲಿ ಮನೆ ಕಾದುಹೋದರೆ?

ಹೋಗುವುದಿಲ್ಲ. ಗಾಢ ಬಣ್ಣ ಬಿಸಿಲು ಹೀರುವುದು ನಿಜ, ಆದರೆ ಬಿಸಿಲು ಬಡಿಯುವುದು ಹೊರಗೋಡೆಗೆ, ತಾರಸಿಗೆ. ಕಿಟಕಿಯಿಂದ ಬಂದ ಬೆಳಕು, ಒಳಗೋಡೆ ಬಿಳಿಯಿದ್ದರೂ, ನಾಲ್ಕಾರು ಸಲ ಪುಟಿದು ಬಹುಪಾಲು ಒಳಗೇ ಶಾಖವಾಗುತ್ತದೆ. ಸೆಕೆಯ ಭಯವಿದ್ದರೆ ತಾರಸಿಗೆ ಬಿಳಿ ಬಳಿಸಿ, ಮಧ್ಯಾಹ್ನ ಪರದೆ ಎಳೆಯಿರಿ.

ಹೆದರಬೇಕಾದದ್ದು ಕತ್ತಲೆಗೆ. ಲೆಕ್ಕ ನೋಡಿ. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ನೂರು ಪಾಲು ಬೆಳಕಿನಲ್ಲಿ ಸುಮಾರು 80 ಪಾಲನ್ನು ಹಿಂದಕ್ಕೆ ಕೊಡುತ್ತದೆ. ಎರಡನೇ ಗೋಡೆಗೆ ತಾಗಿ ಪುಟಿದಾಗ 64, ಮೂರನೆಯದಕ್ಕೆ 51. ಗಾಢ ಕಂದು ಕೊಡುವುದು 10ರ ಆಸುಪಾಸು. ಎರಡನೇ ಪುಟಿತಕ್ಕೆ ಉಳಿಯುವುದು 1. ಮೂರನೆಯದಕ್ಕೆ ಏನೂ ಇಲ್ಲವೆನ್ನಿ. ಇನ್ನೂ ಬಿಡಿಸಿ ಹೇಳುತ್ತೇನೆ: ನೀವು ಪೇಪರ್ ಓದುವ ಮೂಲೆಗೆ ಕಿಟಕಿಯ ಬೆಳಕು ನೇರವಾಗಿ ಬರುವುದಿಲ್ಲ, ಗೋಡೆಯಿಂದ ಗೋಡೆಗೆ ಕೈದಾಟಿ ಬರುತ್ತದೆ. ನಾಲ್ಕೂ ಗೋಡೆ ಕಂದಾದರೆ ದಾಟಿಸುವವರೇ ಇರುವುದಿಲ್ಲ. ಬಲ್ಬ್ ಹೆಚ್ಚಿಗೆ ಹಾಕುತ್ತೇವೆ ಎನ್ನುತ್ತೀರಿ. ಅದರ ಬೆಳಕನ್ನೂ ಅದೇ ಗೋಡೆ ನುಂಗುತ್ತದೆ. ನಾಲ್ಕೂ ಗೋಡೆ ಬೇಡ. ಚಾವಣಿಯನ್ನಂತೂ ಮುಟ್ಟಲೇಬೇಡಿ.

ಕಿಟಕಿಯಿರುವ ಗೋಡೆಯೂ ತಿಳಿಯಾಗಿರಲಿ. ಅದು ಗಾಢವಾದರೆ ಪಕ್ಕದ ಕಿಟಕಿ ಕಣ್ಣು ಕುಕ್ಕುತ್ತದೆ. ಸೋಫಾ ಹಿಂದಿನ ಒಂದು ಗೋಡೆ ಸಾಕು. ಇಲ್ಲವೇ ನಮ್ಮಜ್ಜಿಯ ಮನೆಯಲ್ಲಿದ್ದಂತೆ ಸೊಂಟದ ಮಟ್ಟಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಸಾಗರದ ಕಡೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬಿಳಿ ಹಸೆ ಚಿತ್ತಾರ ಬರೆಯುತ್ತಾರೆ. ಗಾಢ ಬಣ್ಣ ಎದ್ದು ಕಾಣಲು ಪಕ್ಕದಲ್ಲಿ ಬಿಳಿ ಬೇಕೆಂದು ಅವರಿಗೆ ಯಾವ ಶೇಡ್ ಕಾರ್ಡೂ ಕಲಿಸಬೇಕಾಗಿರಲಿಲ್ಲ.

ನೆಲ ಅಂತಸ್ತಿನವರು ಮಾತ್ರ ಸ್ವಲ್ಪ ನಿಲ್ಲಿ. ನೀವಿರುವುದು ಯಮುನೆಯ ದಡದ ನೆಲ. ಇಲ್ಲಿಯವರು ಸೀಲನ್ ಎನ್ನುವ ತೇವ ಬುಡದಿಂದ ಏರಿದರೆ ಜೊತೆಗೆ ಉಪ್ಪೂ ಬಂದು ಬಿಳಿ ಬೂಷ್ಟಿನಂತೆ ಕೂರುತ್ತದೆ. ಬಿಳಿ ಗೋಡೆಯಲ್ಲಿ ಮರೆಯಾಗುತ್ತಿದ್ದದ್ದು ಕಂದಿನ ಮೇಲೆ ಬೀದಿಗೇ ಕಾಣುತ್ತದೆ. ಮೊದಲು ತೇವದ ಮೂಲ ಸರಿಪಡಿಸಿ. ಪುಟ್ಟಿ ಮೆತ್ತಿ ಮುಚ್ಚಿದರೆ ಒಂದು ಮಳೆಗಾಲವೂ ನಿಲ್ಲದು.

ಅಯ್ಯೋ, ಸಮಯ ಮುಗಿಯುತ್ತ ಬಂತು, ದೀಪದ ಮಾತು ಉಳಿದೇ ಹೋಯಿತು. 6500 ಕೆಲ್ವಿನ್‌ನ ಬಿಳಿ ಟ್ಯೂಬಿನಡಿ ಮಣ್ಣಿನ ಬಣ್ಣ ಸಪ್ಪೆಯಾಗುತ್ತದೆ. ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಎಂದಿರುವುದನ್ನು ತನ್ನಿ. ಬಣ್ಣದ ಬಗ್ಗೆಯೂ ಒಂದು ಮಾತು: ಗಾಢ ಮ್ಯಾಟ್ ಬಣ್ಣದ ಮೇಲೆ ಕೈ ಉಜ್ಜಿದ ಗುರುತು ಬೇಗ ಕಾಣುತ್ತದೆ, ಮಕ್ಕಳಿರುವ ಮನೆಯವರು ತುಸು ಹೊಳಪಿರುವುದನ್ನು ಕೇಳಿ. ಶೇಡ್ ಕಾರ್ಡ್ ನಂಬಬೇಡಿ. ದೊಡ್ಡ ರಟ್ಟಿಗೆ ಎರಡು ಕೋಟ್ ಹೊಡೆಸಿ, ಹಗಲೊಮ್ಮೆ ರಾತ್ರಿಯೊಮ್ಮೆ ಗೋಡೆಗೆ ಒರಗಿಸಿ ನೋಡಿ, ಆಮೇಲೆ ಪೇಂಟರ್‌ಗೆ ಫೋನ್ ಮಾಡಿ.