ಸಾಲದ ಮೇಲೆ ಸರ್ಟಿಫಿಕೇಟ್ ಬೇಡ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೆ ನಮ್ಮ ಕೇರಿಗಳಿಗೆ ಬಣ್ಣದ ಕರಪತ್ರ ಬರ್ತವೆ. 'ಐಟಿಐ ಮಾಡಿ, ಕೆಲಸ ಗ್ಯಾರಂಟಿ' ಅಂತ ಬರೆದಿರುತ್ತೆ. ಫೀಜು ಎಷ್ಟು ಅಂತ ಮಾತ್ರ ಇರಲ್ಲ. ಚನ್ನಗಿರಿ ಕಡೆ ಅಡಿಕೆ ಸುಲಿಯೋ ಅವ್ವ, ಹೊನ್ನಾಳಿ, ನ್ಯಾಮತಿಯಲ್ಲಿ ಗದ್ದೆ ಕೂಲಿ ಮಾಡೋ ಅಪ್ಪ, ಜಗಳೂರಿನ ಬರಕ್ಕೆ ಗುಳೆ ಹೋಗಿಬಂದ ಅಣ್ಣ, ಇವರೆಲ್ಲ ಆ ಕಾಗದ ನಂಬಿ ಕೈಸಾಲ ಎತ್ತುತ್ತಾರೆ. ಮಗ ಕಾರ್ಖಾನೆ ಸೇರಲಿ ಅನ್ನೋ ಆಸೆ ತಪ್ಪಲ್ಲ. ಲೆಕ್ಕ ಹಾಕದೆ ಹೆಬ್ಬೆಟ್ಟು ಒತ್ತೋದು ತಪ್ಪು.

ಯಂತ್ರದ ಕೆಲಸ ನಾವು ಕಲೀಲೇಬೇಕು. 1942ರಲ್ಲಿ ಬಾಬಾಸಾಹೇಬರು ವೈಸ್‌ರಾಯ್‌ಗೆ ಕೊಟ್ಟ ಮನವಿಯಲ್ಲಿ ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರಿಗೆ ತಾಂತ್ರಿಕ ತರಬೇತಿ ಕೊಡಿ ಅಂತ ಕೇಳಿದ್ದರು. ಅವರು ಕೇಳಿದ್ದು ಸರ್ಕಾರದ ಖರ್ಚಿನಲ್ಲಿ. ಸಾಹುಕಾರನ ಬಡ್ಡಿ ಮೇಲೆ ಕಲೀರಿ ಅಂತ ಅವರು ಹೇಳಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಖಾಸಗಿ ಐಟಿಐಗೆ, ಫೀಜು ಓಡಾಟ ಎಲ್ಲ ಸೇರಿ 60,000 ಸಾಲ ಮಾಡಿದೆವು ಅಂತ ಇಟ್ಕೊಳ್ಳಿ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ತಿಂಗಳಿಗೆ 1,800 ಆಯ್ತು. ಫಿಟ್ಟರ್ ಕೋರ್ಸು 2 ವರ್ಷ. ಬಡ್ಡಿಯೇ 43,200. ಕೋರ್ಸು ಮುಗಿಯೋ ಹೊತ್ತಿಗೆ ಸಾಲ 1,03,200. ಆ 2 ವರ್ಷ ಮಗನ ಕೂಲಿಯೂ ಮನೆಗೆ ಬರಲ್ಲ. ಅದನ್ನೂ ಖರ್ಚಿನ ಕಡೆಗೇ ಬರೀರಿ.

ಆಮೇಲೆ ಕೆಲಸ ಎಲ್ಲಿ? ನಮ್ಮ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತು ಮಾಡ್ತಿತ್ತು. ಅದು ಮುಚ್ಚಿ ಎಷ್ಟೋ ವರ್ಷ ಆಯ್ತು. ಹಾಗಾಗಿ ನಮ್ಮ ಹುಡುಗರು ಬೆಂಗಳೂರಿನ ಪೀಣ್ಯಕ್ಕೆ ಹೋಗಬೇಕು. ಮೊದಲ ವರ್ಷ ಅಪ್ರೆಂಟಿಸ್. ಐಟಿಐ ಆದವರಿಗೆ 2019ರ ನಿಯಮ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000. ಬಡ್ಡಿ 1,800, ರೂಮಿನ ಪಾಲು 2,000, ಊಟ 3,000 ಕಳೀರಿ. ಉಳಿಯೋದು 200. ಬಸ್ ಚಾರ್ಜಿಗೂ ಸಾಲಲ್ಲ. ಮೂರು ವರ್ಷ ಕಳೆದರೂ ಅಸಲಿನ ಒಂದು ಪೈಸೆ ತೀರಿಲ್ಲ. ಮುಂದೆ ಕೆಲಸ ಸಿಕ್ಕಿ ತಿಂಗಳಿಗೆ 5,000 ಕಟ್ಟಿದರೂ ಇನ್ನೂ ಸುಮಾರು 2 ವರ್ಷ ಬೇಕು. ಹದಿನಾರಕ್ಕೆ ಅಪ್ಪ ಒತ್ತಿದ ಹೆಬ್ಬೆಟ್ಟು ಮಗನಿಗೆ ಇಪ್ಪತ್ತೊಂದಕ್ಕೆ ಬಿಡ್ತು. ಅದೂ ನಡುವೆ ಯಾರಿಗೂ ಜ್ವರ ಬರದಿದ್ರೆ, ಅಕ್ಕನ ಮದುವೆ ಆಗದಿದ್ರೆ, ಕಂಟ್ರಾಕ್ಟರು ಕೆಲಸದಿಂದ ತೆಗೀದಿದ್ರೆ.

ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸಾಲ ಇರೋನು ಓಟಿ ಮಾಡಲ್ಲ ಅನ್ನಲಾರ. ಕೈಗವಸು ಕೊಡಿ ಅಂತ ಕೇಳಲಾರ. ಸಂಘ ಸೇರಲಾರ. ನಮ್ಮ ತಾತಂದಿರು ಸಾಲಕ್ಕೆ ಜೀತ ಇದ್ದರು. 1976ರ ಕಾಯ್ದೆ ಜೀತ ರದ್ದು ಮಾಡಿತು. ಸಾಲ ತೀರಲಿ ಅಂತ ಬಾಯಿ ಮುಚ್ಚಿ ದುಡಿಯೋ ಮೊಮ್ಮಗ ಯೂನಿಫಾರಂ ಹಾಕ್ಕೊಂಡಿದ್ದಾನೆ, ಅಷ್ಟೇ ವ್ಯತ್ಯಾಸ.

ಹಾಗಾದ್ರೆ ಏನು ಮಾಡ್ಬೇಕು?

ಒಂದು, ಮೊದಲು ಸರ್ಕಾರಿ ಐಟಿಐಗೆ ಅರ್ಜಿ ಹಾಕಿ. ಕೇಂದ್ರದ ಮಾನ್ಯತೆ ಇದ್ದರೆ ಸರ್ಕಾರಿ ಆಗಲಿ ಖಾಸಗಿ ಆಗಲಿ ಪರೀಕ್ಷೆ ಒಂದೇ, ಸರ್ಟಿಫಿಕೇಟೂ ಒಂದೇ. ಮಾನ್ಯತೆ ಇಲ್ಲದ ಟ್ರೇಡಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಎರಡು, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಐಟಿಐಗೂ ಉಂಟು. ಕೇಳಿ ತಗೊಳ್ಳಿ.

ಮೂರು, ಸಾಲ ಮಾಡಲೇಬೇಕಾದ್ರೆ ಬ್ಯಾಂಕಿಗೆ ಹೋಗಿ. 2015ರಲ್ಲಿ ಬಂದ ಕೌಶಲ ಸಾಲಕ್ಕೆ ಅಡಮಾನ ಬೇಕಿಲ್ಲ. ಕಂತು ಶುರುವಾಗೋದು ಕೋರ್ಸು ಮುಗಿದ ಮೇಲೆ. ಮ್ಯಾನೇಜರು ಓಡಾಡಿಸಿದ್ರೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ನಾಲ್ಕು, 1961ರ ಅಪ್ರೆಂಟಿಸ್ ಕಾಯ್ದೆ ಓದಿ. ಅದು ಅಪ್ರೆಂಟಿಸನ್ನ ಕಾರ್ಮಿಕ ಅನ್ನಲ್ಲ, ತರಬೇತಿಯವನು ಅನ್ನುತ್ತೆ. ಅದು ನಮಗೆ ಪೆಟ್ಟು. ಆದ್ರೆ ಅದೇ ಕಾಯ್ದೆಯಲ್ಲಿ ಪರಿಶಿಷ್ಟರಿಗೆ ಸ್ಥಾನ ಮೀಸಲಿದೆ, ಮೆಶಿನ್ನಿಗೆ ಕೈ ಸಿಕ್ಕರೆ ಪರಿಹಾರವೂ ಇದೆ.

ಹಾಸ್ಟೆಲಿನಲ್ಲಿ ಕಲಿತ ನಾವು ಇಷ್ಟಾದ್ರೂ ಮಾಡೋಣ. ಈ ರಜಕ್ಕೆ ಊರಿಗೆ ಹೋದಾಗ ಹತ್ತನೇ ಕ್ಲಾಸು ಮುಗಿಸಿದ ಹುಡುಗ ಹುಡುಗಿಯರ ಮನೆಗೆ ಹೋಗೋಣ. ಅವರ ಅಪ್ಪ ಅವ್ವನ ಮುಂದೆ ಕೂತು ಈ ಲೆಕ್ಕ ಬಿಡಿಸಿ ಹೇಳೋಣ. ಸರ್ಕಾರಿ ಸೀಟಿನ ಅರ್ಜಿ ನಾವೇ ತುಂಬಿಸೋಣ. ಸೀಟು ಸಾಲದಿದ್ರೆ, ಸೀಟು ಹೆಚ್ಚಿಸಿ ಅಂತ ನಾಲ್ಕೂ ತಾಲ್ಲೂಕಿನವರು ಕೂಡಿ ದಾವಣಗೆರೆಗೆ ಹೋಗಿ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರೋಣ.

ಕಲಿಯೋಣ. ಕಲಿಕೆಗೆ ತಲೆ ಅಡವಿಡೋದು ಬೇಡ.

ಜೈ ಭೀಮ್.